ಡಾಲ್ಫಿನ್‌ಗಳನ್ನು ಒಡೆಯದೆ ಬಚ್ಚಲು ಸರಿಮಾಡಿದ ಕಥೆ

ನಮ್ಮ ಬಚ್ಚಲಿನ ಗೋಡೆಯಲ್ಲಿ ಮೂರು ಡಾಲ್ಫಿನ್ ಇವೆ. ಕೆಳಗೆ ಕೆನೆ ಬಣ್ಣದ ಟೈಲ್ಸ್, ಎದೆಮಟ್ಟಕ್ಕೆ ಮರೂನ್ ಬಾರ್ಡರ್, ಮೇಲೆ ಮತ್ತೆ ಕೆನೆ ಬಣ್ಣ, ಶವರ್ ಪಕ್ಕದಲ್ಲಿ ನೀರಿನಿಂದ ಚಂಗನೆ ಹಾರುತ್ತಿರುವ ಈ ಮೂರು. ಮನೆ ಕೊಂಡಾಗಲೇ ಇದ್ದವು. ಯಾರೋ ಒಂದು ಕಾಲದಲ್ಲಿ ಇಷ್ಟಪಟ್ಟು ಹಾಕಿಸಿದ್ದು, ನಗಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೆಂಡತಿಗೆ ಅಂಥ ಸಂಕೋಚ ಏನೂ ಇರಲಿಲ್ಲ. "ರೀ, ಏನಾದರೂ ಮಾಡಿ, ಈ ಮೀನುಗಳ ಮುಂದೆ ನನಗೆ ಸ್ನಾನ ಮಾಡೋಕಾಗಲ್ಲ" ಅಂದಳು. ಡಾಲ್ಫಿನ್ ಮೀನಲ್ಲ ಅಂತ ಹೇಳಹೋಗಿ ಬೈಸಿಕೊಂಡೆ.

ತೊಂದರೆ ಏನಂದರೆ, ಟೈಲ್ಸ್ ಒಡೆದಿರಲಿಲ್ಲ. ಒಡೆದಿದ್ದರೆ ಒಂದು ನೆಪ ಸಿಗುತ್ತಿತ್ತು. ಮೇಸ್ತ್ರಿಯನ್ನು ಕರೆಸಿದೆ. ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿ, "ಎಲ್ಲಾ ಒಡೆದು ಹೊಸದು ಹಾಕಿಬಿಡೋಣ ಸಾರ್" ಅಂದರು. ಅವರು ಬರೆದುಕೊಟ್ಟ ಅಂದಾಜು ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡವನು ಇವತ್ತಿಗೂ ಹೆಂಡತಿಗೆ ತೋರಿಸಿಲ್ಲ. ಬರೀ ಟೈಲ್ಸ್ ಖರ್ಚಾಗಿದ್ದರೆ ಬೇರೆ ಮಾತು. ಒಡೆದರೆ ಕೆಳಗಿನ ಗಾರೆಯೂ ಕಿತ್ತು ಬರುತ್ತದೆ, ನೀರು ಇಳಿಯದಂತೆ ಮಾಡಿದ ಪದರವೂ ಹಾಳಾಗುತ್ತದೆ, ಅದನ್ನು ಮತ್ತೆ ಮಾಡಿಸಿ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು, ಪೈಪ್ ಎಲ್ಲಿ ಹೋಗಿದೆ ಅಂತ ಯಾರಿಗೂ ಗೊತ್ತಿರಲ್ಲ, ಅಷ್ಟರಲ್ಲಿ ಅದಕ್ಕೂ ಒಂದು ಏಟು ಬಿದ್ದಿರುತ್ತದೆ. ಅಷ್ಟು ದಿನ ಸ್ನಾನ ಎಲ್ಲಿ?

ಒಂದು ರಾತ್ರಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಸುಮ್ನೆ ಗೋಡೆ ನೋಡಿದೆ. ಇದು ಹಳೇದು ಅಂತ ಯಾಕೆ ಅನಿಸುತ್ತೆ? ಡಾಲ್ಫಿನ್‌ನಿಂದಲಾ? ಒಂದು ಬಿಳಿ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ನಾಲ್ಕು ಟೈಲ್ಸ್ ನಡುವಿನ ಸಂದುಗಳ ಮೇಲೆ ಒದ್ದೆ ಮಾಡಿ ಅಂಟಿಸಿದೆ. ಎದ್ದು ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದರೆ ಆ ನಾಲ್ಕು ಟೈಲ್ಸ್ ಬೇರೆ ಯಾವುದೋ ಬಚ್ಚಲಿನವು ಅನ್ನೋ ಹಾಗೆ ಕಾಣುತ್ತಿದ್ದವು. ಟೈಲ್ಸ್‌ಗೆ ವಯಸ್ಸಾಗಿರಲಿಲ್ಲ. ವಯಸ್ಸಾಗಿದ್ದು ಸಂದುಗಳಿಗೆ. ಕಪ್ಪು, ಕಂದು, ಅಲ್ಲಲ್ಲಿ ಉದುರಿ ಗುಳಿ. ದುಡ್ಡು ಎಲ್ಲಿಗೆ ಹೋಗಬೇಕು ಅಂತ ಅಲ್ಲೇ ಗೊತ್ತಾಯಿತು.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇತ್ತು. ಒಂದು ನಾಣ್ಯ ತಗೊಂಡು ಪ್ರತಿ ಟೈಲ್ಸನ್ನೂ ಮೆಲ್ಲಗೆ ತಟ್ಟಿ ನೋಡಿದೆ. ಗಟ್ಟಿಯಾಗಿ ಕೂತಿದ್ದರೆ ಟಕ್ ಟಕ್ ಅನ್ನುತ್ತದೆ. ಹಿಂದೆ ಗಾರೆ ಬಿಟ್ಟಿದ್ದರೆ ಡಬ್ ಡಬ್ ಅಂತ ಟೊಳ್ಳು ಸದ್ದು. ಅರ್ಧ ಗೋಡೆಯೇ ಡಬ್ ಡಬ್ ಅಂದರೆ ಬಣ್ಣ, ಗ್ರೌಟ್ (ಟೈಲ್ಸ್ ಸಂದುಗಳಿಗೆ ತುಂಬುವ ಮಸಾಲೆ) ಯಾವುದಕ್ಕೂ ದುಡ್ಡು ಹಾಕಬೇಡಿ, ಮೇಸ್ತ್ರಿ ಹೇಳಿದ್ದೇ ಸರಿ ಅಂದುಕೊಳ್ಳಿ. ನನಗೆ ಸಿಕ್ಕಿದ್ದು ನಾಲ್ಕು, ಎಲ್ಲಾ ಕಮೋಡ್ ಹಿಂದೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬಿಟ್ಟೆ.

ಆಮೇಲೆ ತೊಳೆಯೋದು. ಇಲ್ಲಿ ನಾನು ವರ್ಷಗಟ್ಟಲೆ ತಪ್ಪು ಮಾಡುತ್ತಿದ್ದೆ, ಎಲ್ಲಾ ಕೊಳೆಗೂ ಒಂದೇ ಬಾಟಲಿ. ನಿಜಕ್ಕೂ ಅಲ್ಲಿರುವುದು ಮೂರು ಬೇರೆ ಬೇರೆ ಕೊಳೆ. ನಲ್ಲಿ ಸುತ್ತ ಬಿಳಿ ಗಟ್ಟಿ ಪದರ ಕಟ್ಟುತ್ತದಲ್ಲ, ಅದು ಗಡಸು ನೀರಿನ ಸುಣ್ಣ, ಅದಕ್ಕೆ ಹುಳಿ ಬೇಕು. ಒಂದು ಹನಿ ವಿನೆಗರ್ ಹಾಕಿದರೆ ಸಣ್ಣಗೆ ನೊರೆ ಬರುತ್ತದೆ, ಬಂದರೆ ಸುಣ್ಣ ಅಂತ ಲೆಕ್ಕ. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಅರ್ಧ ಗಂಟೆ ಸುತ್ತಿಟ್ಟರೆ ಉಜ್ಜೋ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಎರಡನೆಯದು ಮಸುಕಾದ ಜಿಡ್ಡು, ಸೋಪಿನದು, ಅದಕ್ಕೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಸಾಕು. ಮೂರನೆಯದು ಮೂಲೆಯ ಕಪ್ಪು ಬೂಷ್ಟು, ಅದಕ್ಕೆ ಬ್ಲೀಚ್. ಒಂದು ಮಾತು ಜೋರಾಗಿ ಹೇಳುತ್ತೇನೆ: ವಿನೆಗರ್ ಆಗಲಿ ಬೇರೆ ಆಸಿಡ್ ಆಗಲಿ, ಬ್ಲೀಚ್ ಜೊತೆ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಬಚ್ಚಲಿನಂಥ ಸಣ್ಣ ಕೋಣೆಯಲ್ಲಿ ಅದು ತಮಾಷೆ ಅಲ್ಲ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು, ನಡುವೆ ಚೆನ್ನಾಗಿ ನೀರು ಹುಯ್ದು ತೊಳೆದು. ನೆಲದಲ್ಲಿ ಮಾರ್ಬಲ್ ಇದ್ದರೆ ಹುಳಿಯನ್ನು ಹತ್ತಿರಕ್ಕೂ ತರಬೇಡಿ, ಹೊಳಪು ಹೋದರೆ ಬರಲ್ಲ. ಸಿಮೆಂಟ್ ಗ್ರೌಟನ್ನೂ ಹುಳಿ ತಿನ್ನುತ್ತದೆ, ಹಾಗಾಗಿ ನಾನು ಸಂದುಗಳಿಗೆ ಮೊದಲು ನೀರು ಕುಡಿಸಿ ಆಮೇಲೆ ವಿನೆಗರ್ ಮುಟ್ಟಿದೆ.

ಈಗ ಗ್ರೌಟ್. ಮೊದಲ ಸಲ ನಾನು ಮಾಡಿದ್ದು ಸೋಮಾರಿಗಳ ದಾರಿ. ಹಳೆಯ ಗ್ರೌಟ್ ಮೇಲೆಯೇ ಬಿಳಿ ಸಿಮೆಂಟ್ ಕಲಸಿ ಬೆರಳಲ್ಲಿ ಸವರಿದೆ. ಆ ದಿನ ಸಂಜೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ನಾಲ್ಕು ಜನರಿಗೆ ಫೋಟೋ ಕಳಿಸಿದೆ. ತಿಂಗಳೊಳಗೆ ಒಣಗಿದ ರಂಗೋಲಿ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಹಳೆಯದರ ಮೇಲೆ ತೆಳ್ಳಗೆ ಸವರಿದ್ದಕ್ಕೆ ಹಿಡಿದುಕೊಳ್ಳೋಕೆ ಜಾಗವೇ ಇರಲ್ಲ. ಟೈಲ್ಸ್ ದಪ್ಪದ ಅರ್ಧದಷ್ಟಾದರೂ ಆಳಕ್ಕೆ ಹಳೆಯದನ್ನು ಕೆರೆದು ತೆಗೆಯಬೇಕು.

ಕೆರೆಯೋದು ಬೋರು. ಇಡೀ ಕೆಲಸದಲ್ಲಿ ಅತ್ಯಂತ ಬೋರು ಇದೇ. ಗ್ರೌಟ್ ಕೆರೆಯುವ ಗರಗಸ ಅಂತ ಸಣ್ಣ ಕೈಗರಗಸ ಬರುತ್ತದೆ, ಅಂಗೈಯಷ್ಟು ಉದ್ದ, ತುದಿಗೆ ಒರಟು ಅಲಗು. ಸಂದಿನಲ್ಲಿ ಇಟ್ಟು ಹಿಂದೆ ಮುಂದೆ ಎಳೆದರೆ ಹಿಟ್ಟಿನ ಹಾಗೆ ಪುಡಿ ಉದುರುತ್ತದೆ. ಮಾಸ್ಕ್, ಕನ್ನಡಕ ಎರಡೂ ಬೇಕು. ಮೊದಲ ದಿನ ಮೂರು ಸಾಲು ಮುಗಿಸುವಷ್ಟರಲ್ಲಿ ಮಣಿಕಟ್ಟು ಸತ್ತುಹೋಯಿತು. ಕೈ ಜಾರಿ ಟೈಲ್ಸ್ ಮೇಲೆ ಗೀರಿದರೆ ಆ ಗೀರು ಹೋಗಲ್ಲ. ನಮ್ಮ ಬಾಗಿಲ ಹಿಂದೆ ಅಂಥವು ಮೂರಿವೆ. ಪುಣ್ಯಕ್ಕೆ ಕಲಿಯೋಕೆ ಬಾಗಿಲ ಹಿಂದಿನ ಜಾಗವನ್ನೇ ಆರಿಸಿಕೊಂಡಿದ್ದೆ, ನೀವೂ ಯಾರಿಗೂ ಕಾಣದ ಕಡೆಯಿಂದಲೇ ಶುರುಮಾಡಿ. ಮೂರನೇ ದಿನ ಪರಿಚಯದವರಿಂದ ಅಲುಗಾಡುವ ಅಲಗಿನ ಯಂತ್ರ ಎರವಲು ತಂದೆ. ವೇಗ ಜಾಸ್ತಿ, ಧೂಳು ಅದಕ್ಕಿಂತ ಜಾಸ್ತಿ.

ತುಂಬೋಕೆ ಎರಡು ಬಗೆ ಇದೆ, ಸಿಮೆಂಟ್ ಗ್ರೌಟ್ ಮತ್ತು ಎಪಾಕ್ಸಿ ಗ್ರೌಟ್, ಅಂದರೆ ಎರಡು ಭಾಗ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟಿನದು. ಸಿಮೆಂಟಿನದು ಅಗ್ಗ, ಸುಲಭ, ಆದರೆ ನೀರು ಕುಡಿಯುತ್ತದೆ, ನೀರಿನ ಜೊತೆ ಕೊಳೆಯನ್ನೂ. ಎಪಾಕ್ಸಿ ನೀರನ್ನು ಒಳಗೆ ಬಿಡಲ್ಲ, ಕಲೆ ಹಿಡಿಯೋದೂ ಕಡಿಮೆ, ಆದರೆ ದುಬಾರಿ, ಜೊತೆಗೆ ತಾಳ್ಮೆ ಪರೀಕ್ಷೆ ಮಾಡುತ್ತದೆ. ನಾನು ಎರಡನ್ನೂ ಹಂಚಿದೆ. ಶವರ್ ನೀರು ನೇರವಾಗಿ ಬೀಳುವ ಗೋಡೆ ಮತ್ತು ನೆಲಕ್ಕೆ ಎಪಾಕ್ಸಿ, ಉಳಿದ ಒಣ ಗೋಡೆಗಳಿಗೆ ಸಿಮೆಂಟ್. ಎಪಾಕ್ಸಿಯ ಎರಡು ಡಬ್ಬಿಗಳನ್ನು ಹೇಳಿದ ಅಳತೆಯಲ್ಲೇ ಸೇರಿಸಬೇಕು, ಸೇರಿಸಿದ ಕ್ಷಣದಿಂದ ಗಡಿಯಾರ ಓಡಲು ಶುರು. ನಾನು ದೊಡ್ಡ ಮನಸ್ಸು ಮಾಡಿ ಪೂರ್ತಿ ಪ್ಯಾಕೆಟ್ ಒಟ್ಟಿಗೆ ಕಲಸಿದೆ. ಒಂದು ಗೋಡೆ ಮುಗಿಸಿ ತಿರುಗಿದರೆ ಬಟ್ಟಲು ಬೆಚ್ಚಗಾಗಿದೆ, ಒಳಗಿದ್ದದ್ದು ಕಲ್ಲಾಗುತ್ತಿದೆ. ಆ ಬಟ್ಟಲು ಈಗ ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ಅಡ್ಡ ಇಡೋಕೆ ಬಳಕೆಯಾಗುತ್ತಿದೆ. ಸ್ವಲ್ಪ ಸ್ವಲ್ಪವೇ ಕಲಸಿ, ಟೈಲ್ಸ್ ಮೇಲೆ ಉಳಿಯುವ ಮಬ್ಬನ್ನು ಹಸಿ ಇರುವಾಗಲೇ ಒರೆಸಿ. ಒಣಗಿದ ಮೇಲೆ ಅದು ನಿಮ್ಮ ಮಾತು ಕೇಳಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಅಚ್ಚ ಬಿಳಿ ಬೇಡ. ಟೈಲ್ಸ್ ಬಣ್ಣಕ್ಕೆ ಹತ್ತಿರದ್ದು, ಒಂದು ಛಾಯೆ ಗಾಢವಾದದ್ದು ತಗೊಳ್ಳಿ. ಹಳೆಯ ಟೈಲ್ಸ್‌ನ ಸಾಲು ನೆಟ್ಟಗಿರುವುದು ಅಪರೂಪ. ಎದ್ದು ಕಾಣುವ ಬಣ್ಣ ತುಂಬಿದರೆ ಪ್ರತಿ ಸೊಟ್ಟವೂ ಗೆರೆ ಎಳೆದು ತೋರಿಸಿದ ಹಾಗಾಗುತ್ತದೆ. ಹತ್ತಿರದ ಬಣ್ಣ ತುಂಬಿದರೆ ಗೆರೆಗಳೇ ಮಾಯ, ಗೋಡೆ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲಾ ಚೆನ್ನಾಗಿ ಆಗುತ್ತಿದ್ದಾಗ ನನಗೆ ಆಸೆ ಹುಟ್ಟಿತು, ಟೈಲ್ಸ್ ಪೇಂಟ್. ಡಾಲ್ಫಿನ್ ಕಾಟ ಮುಗಿಸಿಬಿಡೋಣ ಅಂತ. ಒಣ ಗೋಡೆಯ ಮರೂನ್ ಬಾರ್ಡರ್‌ನಿಂದ ಶುರುಮಾಡಿದೆ. ಜಿಡ್ಡು ತೆಗೆದು, ಉಪ್ಪು ಕಾಗದದಲ್ಲಿ ಹೊಳಪು ಸಾಯುವ ತನಕ ಉಜ್ಜಿ, ಒರೆಸಿ, ಒಣಗಿಸಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಎಪಾಕ್ಸಿ ಬಣ್ಣ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿದರೂ ತಲೆ ಗಿಮ್ಮೆನ್ನುವಷ್ಟು ವಾಸನೆ. ಮುಟ್ಟಿದರೆ ಮರುದಿನವೇ ಒಣಗಿದೆ ಅನಿಸುತ್ತದೆ, ಆದರೆ ಪೂರ್ತಿ ಗಟ್ಟಿಯಾಗೋಕೆ ದಿನಗಳು ಬೇಕು, ಡಬ್ಬಿಯ ಮೇಲೆ ಬರೆದಷ್ಟು ದಿನ ನೀರು ಮುಟ್ಟಿಸಬಾರದು. ಬಾರ್ಡರ್ ಈಗಲೂ ಗಟ್ಟಿಯಾಗಿದೆ, ಅಲ್ಲಿ ಮರೂನ್ ಇತ್ತು ಅಂತ ಯಾರಿಗೂ ಗೊತ್ತಾಗಲ್ಲ.

ಅದೇ ಧೈರ್ಯದಲ್ಲಿ ಶವರ್ ಗೋಡೆಗೂ ಹೊಡೆದೆ. ಡಾಲ್ಫಿನ್ ಮುಚ್ಚಿತು. ಹೆಂಡತಿ ಆ ದಿನ ನನ್ನನ್ನು ಹೊಗಳಿದಳು, ದಿನಾಂಕ ಬರೆದಿಟ್ಟುಕೊಳ್ಳಬೇಕಿತ್ತು. ಮೂರು ತಿಂಗಳಿಗೆ ಮೂಲೆಯಲ್ಲಿ ಉಗುರಿನಷ್ಟು ಬಣ್ಣ ಎದ್ದಿತ್ತು. ಸುಮ್ನೆ ಇರಬಾರದಾ, ಎಳೆದೆ. ಬಾಳೆ ಎಲೆಯಷ್ಟು ಅಗಲದ ಹಾಳೆ ಸದ್ದಿಲ್ಲದೆ ಬಿಚ್ಚಿಕೊಂಡು ಕೈಗೆ ಬಂತು, ಅದರ ಹಿಂದೆ ಒಂದು ಡಾಲ್ಫಿನ್ ಮುಖ. ಆ ಮೂಲೆಯಲ್ಲಿ ಹಳೆಯ ಸಿಲಿಕಾನ್ ಅಂಟು ಉಳಿದಿತ್ತು. ಸಿಲಿಕಾನ್ ಮೇಲೆ ಬಣ್ಣ ನಿಲ್ಲಲ್ಲ. ಒಂದು ಕಡೆ ಸೀಳು ಬಿಟ್ಟ ಮೇಲೆ ದಿನಾ ಬೀಳುವ ಬಿಸಿನೀರು ಅದರೊಳಗೆ ನುಗ್ಗಿ ಉಳಿದ ಕೆಲಸ ಮುಗಿಸುತ್ತದೆ. ಎರಡು ದಿನ ಕೂತು ಆ ಗೋಡೆಯ ಬಣ್ಣವನ್ನೆಲ್ಲಾ ಕೆರೆದು ತೆಗೆದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಟೈಲ್ಸ್ ಪೇಂಟ್ ಒಣ ಗೋಡೆಗೆ ಸರಿ, ನೀರು ಬೀಳುವ ಗೋಡೆಗೆ ಯೋಚನೆ ಮಾಡಿ, ನಡೆದಾಡುವ ನೆಲಕ್ಕೆ ಬೇಡವೇ ಬೇಡ.

ಸಿಲಿಕಾನ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗೋಡೆ ನೆಲ ಸೇರುವ ಮೂಲೆಗೆ, ಎರಡು ಗೋಡೆ ಸೇರುವ ಮೂಲೆಗೆ, ಬೇಸಿನ್ ಸುತ್ತ ಗ್ರೌಟ್ ಹಾಕಬಾರದು. ಗೋಡೆ, ನೆಲ ಕೂದಲೆಳೆಯಷ್ಟು ಬೇರೆ ಬೇರೆಯಾಗಿ ಅಲುಗುತ್ತವೆ, ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ಬಗ್ಗುವ ಸಿಲಿಕಾನ್ ಬೇಕು, ಅದರಲ್ಲೂ ಬೂಷ್ಟು ತಡೆಯುವ ಮದ್ದು ಬೆರೆಸಿದ ಬಾತ್‌ರೂಮ್ ಸಿಲಿಕಾನ್. ಹೊಸದು ಹಳೆಯದಕ್ಕೆ ಅಂಟಲ್ಲ, ಆದ್ದರಿಂದ ಬ್ಲೇಡ್ ಹಿಡಿದು ಹಳೆಯದನ್ನು ಪೂರ್ತಿ ತೆಗೆಯಬೇಕು, ಜಾಗ ಎಲುಬಿನ ಹಾಗೆ ಒಣಗಿರಬೇಕು. ಎರಡೂ ಕಡೆ ಪೇಪರ್ ಟೇಪ್ ಅಂಟಿಸಿ, ಒಂದೇ ಎಳೆತಕ್ಕೆ ಪಟ್ಟಿ ಹಾಕಿ, ಸೋಪು ನೀರಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಸವರಿ, ಹಸಿ ಇರುವಾಗಲೇ ಟೇಪ್ ಕಿತ್ತುಬಿಡಿ. ಟೇಪ್ ಕಿತ್ತಾಗ ಕಾಣುವ ಆ ನೆಟ್ಟಗಿನ ಗೆರೆ ಇದೆಯಲ್ಲ, ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಖುಷಿ ಅದೇ. ಕೆಲವು ಬಗೆಯವು ಒಣಗುವಾಗ ವಿನೆಗರ್ ವಾಸನೆ ಬರುತ್ತದೆ, ಗಾಬರಿ ಬೇಡ. ಒಂದು ದಿನ ಪೂರ್ತಿ ನೀರು ಬೇಡ.

ಉಳಿದಿದ್ದು ಚಿಲ್ಲರೆ ಕೆಲಸ, ಆದರೆ ಕಣ್ಣಿಗೆ ಮೊದಲು ಬೀಳೋದು ಅವೇ. ಶವರ್ ತಲೆ, ನಲ್ಲಿ, ನೆಲದ ಜಾಲರಿ, ಟವೆಲ್ ಕಂಬಿ ಬದಲಾಯಿಸಿದೆ. ನಲ್ಲಿ ಬಿಚ್ಚುವ ಮುಂಚೆ ಮೇನ್ ವಾಲ್ವ್ ಮುಚ್ಚಿಬಿಡಿ. ನಾನು ಮುಚ್ಚಿದ್ದೇನೆ ಅಂತ ಬರೀ ಅಂದುಕೊಂಡಿದ್ದೆ. ಟೆಫ್ಲಾನ್ ಟೇಪನ್ನು ನಲ್ಲಿ ತಿರುಗಿಸಿ ಬಿಗಿ ಮಾಡುವ ದಿಕ್ಕಿನಲ್ಲೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ. ಹೊಸ ಕಂಬಿಯನ್ನು ಹಳೆಯ ತೂತುಗಳು ಮುಚ್ಚುವ ಅಳತೆಯಲ್ಲೇ ಹುಡುಕಿದೆ. ಹೊಸ ತೂತು ಬೇಕೇ ಬೇಕಾದರೆ ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ಗುಂಡಿ) ಬಂದ್ ಮಾಡಿ, ನಿಧಾನಕ್ಕೆ. ಹ್ಯಾಮರ್ ಆನ್ ಇದ್ದರೆ ಟೈಲ್ಸ್ ಎರಡು ಹೋಳು.

ಬೆಳಕು ಕೂಡ. ಮೊದಲು ತಲೆಯ ಹಿಂದೆ ಒಂದು ಹಳದಿ ಬಲ್ಬ್ ಇತ್ತು, ಕನ್ನಡಿಯಲ್ಲಿ ನಮ್ಮ ಮುಖ ಕಾಣುತ್ತಿರಲಿಲ್ಲ, ನೆರಳು ಕಾಣುತ್ತಿತ್ತು. ಎಲೆಕ್ಟ್ರಿಷಿಯನ್ ಹತ್ತಿರ ಕನ್ನಡಿ ಮೇಲಕ್ಕೆ 4000 ಕೆಲ್ವಿನ್, ಅಂದರೆ ಹಳದಿ ಕಡಿಮೆ ಇರುವ ಬಿಳಿ ಬೆಳಕಿನ ದೀಪ ಹಾಕಿಸಿದೆ, ಐಪಿ44 ಗುರುತು ಇರುವುದು, ಅಂದರೆ ನೀರು ಸಿಡಿದರೂ ತಡೆದುಕೊಳ್ಳುವಂಥದ್ದು. ಕೆನೆ ಬಣ್ಣದ ಟೈಲ್ಸ್ ನಿಜವಾಗಿ ಕೆನೆ ಬಣ್ಣವೇ, ಹಳದಿ ಅಲ್ಲ ಅಂತ ಆವತ್ತೇ ಗೊತ್ತಾಗಿದ್ದು.

ಹಳೆ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸಬಹುದಲ್ವಾ ಅಂತ ಕೇಳಿದವರು ಬಹಳ. ಗೋಡೆಗೆ ಮಾಡಬಹುದು, ಹಳೆಯದು ಟೊಳ್ಳಿಲ್ಲದೆ ಗಟ್ಟಿ ಇದ್ದರೆ, ಅದಕ್ಕೆಂದೇ ಬರುವ ಅಂಟು ಬಳಸಿದರೆ. ನೆಲಕ್ಕೆ ಮಾಡಿದರೆ ನೆಲ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಏರುತ್ತದೆ, ಬಾಗಿಲು ಉಜ್ಜುತ್ತದೆ, ಜಾಲರಿ ಗುಂಡಿಯಾಗುತ್ತದೆ. ನಮ್ಮ ನೆಲದಲ್ಲಿ ಬೇರೆಯದೇ ರೋಗ ಇದೆ, ವಾಟ ಸರಿ ಇಲ್ಲ. ಮೀಟರಿಗೆ ಒಂದು ಸೆಂಟಿಮೀಟರ್‌ನಷ್ಟಾದರೂ ಜಾಲರಿ ಕಡೆಗೆ ಇಳಿಜಾರು ಬೇಕು, ನಮ್ಮಲ್ಲಿ ಬಲಮೂಲೆಯಲ್ಲಿ ನೀರು ನಿಂತು ನಮ್ಮ ಮುಖ ನೋಡುತ್ತದೆ. ಇದಕ್ಕೆ ಗ್ರೌಟ್, ಬಣ್ಣ ಯಾವುದೂ ಮದ್ದಲ್ಲ. ಆ ನೆಲವನ್ನು ಒಂದು ದಿನ ಒಡೆಯಲೇಬೇಕು, ಮಡಚಿದ ಚೀಟಿ ಇನ್ನೂ ಜೇಬಲ್ಲಿದೆ. ಸದ್ಯಕ್ಕೆ ಸ್ನಾನ ಆದ ಮೇಲೆ ವೈಪರ್‌ನಲ್ಲಿ ಎಳೆದು, ಎಗ್ಸಾಸ್ಟ್ ಫ್ಯಾನನ್ನು 20 ನಿಮಿಷ ಓಡಿಸುತ್ತೇವೆ. ಬೂಷ್ಟು ಮತ್ತೆ ಬಂದಿಲ್ಲ.

ಮತ್ತೆ ಕಾಣಿಸಿಕೊಂಡ ಡಾಲ್ಫಿನ್‌ಗಳ ಮೇಲೆ ಏನಾದರೂ ಅಂಟಿಸಿ ಮುಚ್ಚಲಾ ಅಂತ ಮೊನ್ನೆ ಹೆಂಡತಿಯನ್ನು ಕೇಳಿದೆ. ಹಲ್ಲುಜ್ಜುತ್ತಾ ಕನ್ನಡಿಯಲ್ಲೇ ಅವುಗಳ ಕಡೆ ನೋಡಿದಳು. ಸುತ್ತ ಸಂದುಗಳು ಈಗ ಚೊಕ್ಕ, ಬಾರ್ಡರ್ ಇಲ್ಲ, ಗೋಡೆಯಲ್ಲಿ ಚಿತ್ರ ಅಂತ ಇರೋದು ಅವು ಮೂರೇ. "ಇರಲಿ ಬಿಡಿ" ಅಂದಳು, "ಕಮೋಡ್ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ್ದೀರಲ್ಲ, ಅದನ್ನ ಯಾವಾಗ ಅಳಿಸ್ತೀರಿ?"