‘ಆ ನಟ ನಮ್ಮವರಾ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸಿನಿಮಾ, ಧಾರಾವಾಹಿಗಳ ಬಗ್ಗೆ ಬರೆಯುವವರನ್ನು ಜನ ‘ಕಥೆ ಹೇಗಿದೆ’ ಅಂತ ಕೇಳುವುದಕ್ಕಿಂತ ‘ಆ ನಟ ನಮ್ಮವರಾ’ ಅಂತ ಕೇಳುವುದೇ ಹೆಚ್ಚು. ದೀಪಿಕಾ ಪಡುಕೋಣೆ ಕನ್ನಡತಿಯಾ? ರಜನಿಕಾಂತ್ ನಮ್ಮವರಾ, ಮರಾಠಿಯವರಾ? ಇಲ್ಲಿ ಒಂದೇ ಪ್ರಶ್ನೆಯೊಳಗೆ ನಾಲ್ಕು ಸೇರಿಕೊಂಡಿವೆ. ಹುಟ್ಟಿದ್ದೆಲ್ಲಿ, ಮನೆಮಾತು ಯಾವುದು, ಹಿರಿಯರ ಊರು ಯಾವುದು, ತೆರೆಯ ಮೇಲೆ ಕೇಳುವ ದನಿ ಯಾರದು. ಜಗಳಕ್ಕೆ ನಿಂತ ಇಬ್ಬರಲ್ಲಿ ಒಬ್ಬರು ಮೊದಲನೆಯದಕ್ಕೆ ಉತ್ತರ ಹೇಳುತ್ತಿರುತ್ತಾರೆ, ಇನ್ನೊಬ್ಬರು ಮೂರನೆಯದಕ್ಕೆ. ಇಬ್ಬರೂ ಸರಿಯೇ ಆದ್ದರಿಂದ ಜಗಳ ಮುಗಿಯುವುದಿಲ್ಲ.

ದೀಪಿಕಾ ಹುಟ್ಟಿದ್ದು 1986ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಬೆಳೆದದ್ದು ಬೆಂಗಳೂರಿನಲ್ಲಿ. ಮನೆಮಾತು ಕೊಂಕಣಿ. ಹೆಸರಿನಲ್ಲಿರುವ ಪಡುಕೋಣೆ ಎಂಬ ಊರು ಇರುವುದು ಕುಂದಾಪುರದ ಆಚೆ, ಮರವಂತೆಯ ಹತ್ತಿರ. ಮೊದಲ ಸಿನಿಮಾ 2006ರಲ್ಲಿ ಬಂದ ಕನ್ನಡದ ‘ಐಶ್ವರ್ಯ’. ಮರುವರ್ಷದ ‘ಓಂ ಶಾಂತಿ ಓಂ’ನಲ್ಲಿ ಮುಖ ಇವರದು, ಕಂಠ ಮೋನಾ ಘೋಷ್ ಶೆಟ್ಟಿಯವರದು. ರಜನಿಯವರ ಲೆಕ್ಕ ಇನ್ನೊಂದು ಥರ: ಹುಟ್ಟಿದ್ದು 1950ರಲ್ಲಿ ಬೆಂಗಳೂರಿನಲ್ಲಿ, ಮನೆಮಾತು ಮರಾಠಿ, ಹಿರಿಯರು ಪುಣೆ ಜಿಲ್ಲೆಯ ಜೇಜೂರಿ ಕಡೆಯವರು, ಸಂಬಳ ಎಣಿಸಿದ್ದು ಬೆಂಗಳೂರಿನ ಸಿಟಿ ಬಸ್ಸಿನ (ಬಿಟಿಎಸ್) ಕಂಡಕ್ಟರ್ ಆಗಿ, ಹೆಸರು ಮಾಡಿದ್ದು ತಮಿಳಿನಲ್ಲಿ. ಇದರಲ್ಲಿ ಯಾವುದನ್ನು ಬಿಟ್ಟು ಹೇಳಿದರೂ ಅರ್ಧ ಸತ್ಯ.

ಮನೆಮಾತು ತುಳು, ಕೊಂಕಣಿ ಎಂದ ಕೂಡಲೇ ‘ಹಾಗಾದ್ರೆ ಕನ್ನಡದವರಲ್ಲ ಬಿಡಿ’ ಅನ್ನುವವರಿದ್ದಾರೆ. ಆ ಜರಡಿ ಹಿಡಿದರೆ ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರಲ್ಲೇ ಮೂವರು ಉದುರಿಹೋಗುತ್ತಾರೆ: ಮರಾಠಿ ಮನೆಯ ಬೇಂದ್ರೆ, ತಮಿಳು ಮನೆಯ ಮಾಸ್ತಿ, ಕೊಂಕಣಿ ಮನೆಯ ಕಾರ್ನಾಡ. ಆ ವಾದ ಅಲ್ಲಿಗೇ ಬಿಡೋಣ.

ಜನ ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಹಿಂದಿ ಚಿತ್ರರಂಗದ ಗುರುದತ್ ಬಂಗಾಳಿ ಎಂದು ಇವತ್ತಿಗೂ ನಂಬಿದವರಿದ್ದಾರೆ. ಅವರು 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆಯವರು. ಬಾಲ್ಯ ಕಳೆದದ್ದು ಕಲ್ಕತ್ತದಲ್ಲಿ. ‘ಗುರುದತ್ತ’ ಎಂಬ ಒಂದೇ ಹೆಸರು ಎರಡು ತುಂಡಾಗಿ, ಎರಡನೆಯ ತುಂಡು ಬಂಗಾಳಿ ಮನೆತನದ ಹೆಸರಿನಂತೆ ಕೇಳಿಸಿತು, ಅಷ್ಟೇ. ಇವರ ಕೊಂಕಣಿ ಸಮುದಾಯವಾದ ಚಿತ್ರಾಪುರ ಸಾರಸ್ವತರಲ್ಲಿ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುವ ರೂಢಿ. ಪಡುಕೋಣೆ, ಮೂಲ್ಕಿ ಹತ್ತಿರದ ಕಾರ್ನಾಡು, ಬೆನೆಗಲ್, ಶಂಕರ್‌ನಾಗ್ ಮನೆಯ ನಾಗರಕಟ್ಟೆ, ಎಲ್ಲವೂ ಹೀಗೆಯೇ ಬಂದವು. ಹಾಗಂತ ಒಂದೇ ಊರಿನ ಹೆಸರು ಹೊತ್ತವರೆಲ್ಲ ಒಂದೇ ಮನೆಯವರಲ್ಲ. ಇಬ್ಬರು ಪಡುಕೋಣೆಯವರನ್ನು ಕಂಡ ಕೂಡಲೇ ಅಜ್ಜ–ಮೊಮ್ಮಗಳು ಮಾಡಬೇಡಿ.

‘ಶೆಟ್ಟಿ’ ಇನ್ನೂ ಜಟಿಲ. ಘಟ್ಟದ ಮೇಲೆ ಬಣಜಿಗರಲ್ಲಿ, ನಗರ್ತರಲ್ಲಿ, ಆರ್ಯವೈಶ್ಯರಲ್ಲಿ ಶೆಟ್ಟರಿದ್ದಾರೆ. ಕರಾವಳಿಯಲ್ಲಿ ಶೆಟ್ಟಿ ಅಂದರೆ ಸಾಮಾನ್ಯವಾಗಿ ಬಂಟರು. ಆ ಬಂಟರಲ್ಲೂ ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಮನೆಮಾತು ಬದಲಾಗುತ್ತದೆ. ಉಡುಪಿಯ ರಕ್ಷಿತ್ ಶೆಟ್ಟಿಯವರದು ತುಳು, ಕೆರಾಡಿಯ ರಿಷಬ್ ಶೆಟ್ಟಿಯವರದು ಕುಂದಾಪ್ರ ಕನ್ನಡ. ಇಬ್ಬರನ್ನೂ ‘ಮಂಗ್ಳೂರು ಕಡೆಯವರು’ ಎಂದು ಒಂದೇ ಕಟ್ಟಿಗೆ ಕಟ್ಟಿದರೆ ಕುಂದಾಪುರದವರು ಸುಮ್ಮನಿರುವುದಿಲ್ಲ. ‘ರಾವ್’ ಅಂತೂ ಯಾವ ಸುಳಿವೂ ಕೊಡುವುದಿಲ್ಲ: ಮಾಧ್ವರಲ್ಲಿದೆ, ಮರಾಠರಲ್ಲಿದೆ, ತೆಲುಗರಲ್ಲಿದೆ. ‘ರೈ’ ಇದ್ದರೆ ತುಳು ಎಂದು ಊಹಿಸಬಹುದು. ಪ್ರಕಾಶ್ ರೈ ಅವರು ತಮಿಳು ನಿರ್ದೇಶಕ ಕೆ. ಬಾಲಚಂದರ್ ಸಲಹೆಯಂತೆ ತಮಿಳಿಗೆ ಪ್ರಕಾಶ್ ರಾಜ್ ಆದರು. ಆ ಒಂದಕ್ಷರದ ಜೊತೆಗೆ ಸುಳಿವೂ ಹೋಯಿತು.

ನಮ್ಮ ಹಾಸ್ಯನಟರ ಹೆಸರಿನ ಮುಂದಿನ ಪದ ಬೇರೆಯದೇ ಪದ್ಧತಿ. ಮಂಡ್ಯ ರಮೇಶ್, ಹೊನ್ನವಳ್ಳಿ ಕೃಷ್ಣ: ಇಲ್ಲಿ ಅದು ಊರು. ಬ್ಯಾಂಕ್ ಜನಾರ್ದನ್: ಮಾಡುತ್ತಿದ್ದ ನೌಕರಿ. ಮುಖ್ಯಮಂತ್ರಿ ಚಂದ್ರು: ರಂಗದ ಮೇಲಿನ ಪಾತ್ರ. ಸಿಹಿಕಹಿ ಚಂದ್ರು: ದೂರದರ್ಶನದ ಧಾರಾವಾಹಿ. ಇವುಗಳಲ್ಲಿ ಮೂಲ ತಿಳಿಸುವುದು ಮೊದಲ ಬಗೆ ಮಾತ್ರ.

ಈಗ ನನಗೆ ನಿಜವಾಗಿ ತಲೆಕೆಡಿಸುವ ವಿಷಯಕ್ಕೆ ಬರುತ್ತೇನೆ. ಟಿವಿ ಹಾಸ್ಯದಲ್ಲಿ ನಟ ಎಲ್ಲಿಯವರು ಅನ್ನುವುದಕ್ಕಿಂತ ಪಾತ್ರ ಎಲ್ಲಿಯದು, ಅದರ ಬಾಯಲ್ಲಿ ಯಾವ ಊರಿನ ಮಾತಿದೆ ಅನ್ನುವುದು ಮುಖ್ಯ. ನಗು ಕೆಡುವುದೂ ಅಲ್ಲೇ. ‘ಉತ್ತರ ಕರ್ನಾಟಕ ಸ್ಟೈಲಲ್ಲಿ ಹೇಳಿ ಸಾರ್’ ಎಂದು ಸೆಟ್ಟಿನಲ್ಲಿ ಹೇಳಿದರೆ, ಬೆಂಗಳೂರಿನಲ್ಲಿ ಬರೆದ ಸಾಲಿನ ತುದಿಗಷ್ಟೇ ಬಣ್ಣ ಬಳಿಯುತ್ತಾರೆ. ಆಗ ‘ಏನ್ ಮಾಡಾಕತ್ತೀರಿ’ ಅಂದ ಬಾಯೇ ಮುಂದಿನ ಸಾಲಿನಲ್ಲಿ ‘ಗೊತ್ತಿಲ್ಲ ಕಣ್ರೀ’ ಅನ್ನುತ್ತದೆ. ‘ಕಣ್ರೀ’ ಹಳೇ ಮೈಸೂರಿನದು. ಗದಗಿನ ಪಾತ್ರದ ಬಾಯಲ್ಲಿ ಅದು ಬಂದ ಕ್ಷಣ ಹುಬ್ಬಳ್ಳಿಯಲ್ಲಿ ಕೂತು ನೋಡುವವರ ನಗು ನಿಲ್ಲುತ್ತದೆ. ಮಂಡ್ಯದ ಪಾತ್ರಕ್ಕೆ ‘ಹ’ಕಾರ ಬಿಡಿಸುತ್ತಾರೆ, ‘ಓಗ್ತೀನಿ’ ಅನ್ನಿಸುತ್ತಾರೆ; ಅದೇ ಉಸಿರಿನಲ್ಲಿ ‘ಹಣೆಬರಹ’ ಸ್ಪಷ್ಟವಾಗಿ ಬರುತ್ತದೆ. ಕರಾವಳಿಯವರೆಲ್ಲರಿಗೂ ‘ಎಂಥ ಮಾರಾಯ್ರೆ’ ಒಂದೇ ಮುದ್ರೆ.

ಪರೀಕ್ಷೆಗೆ ಒಂದು ಸಾಲು ಸಾಕು: ‘ನಾನು ಹೋಗಬೇಕು’. ಕುಂದಾಪುರದಲ್ಲಿ ‘ಹ್ವಾಯ್, ನಾನ್ ಹೋಯ್ಕ್’. ಮಂಗಳೂರಲ್ಲಿ ‘ನನಗೆ ಹೋಗ್ಲಿಕ್ಕುಂಟು ಮಾರಾಯ್ರೆ’. ಧಾರವಾಡದಲ್ಲಿ ‘ಹೋಗಬೇಕ್ರಿ ನಾ’. ಮಂಡ್ಯದಲ್ಲಿ ‘ಓಗ್ಬೇಕು ಕಣ್ಲಾ’. ಬದಲಾಗುವುದು ಕ್ರಿಯಾಪದ ಮತ್ತು ಕರೆಯುವ ಪದ. ಉಳಿದ ಪದಗಳಿಗೆ ಕೈಹಾಕದಿದ್ದರೂ ನಡೆಯುತ್ತದೆ. ಬರೆಯುವವರಿಗೆ ನನ್ನ ಸಲಹೆ: ಆ ಸೀಮೆಯ ನಟ ಸಿಕ್ಕಿದ್ದರೆ ಸಾಲು ಕೊಡಬೇಡಿ, ಸಂದರ್ಭ ಕೊಡಿ. ಅವರ ಬಾಯಿಗೆ ಬಂದದ್ದನ್ನು ಮೊಬೈಲಿನಲ್ಲಿ ಹಿಡಿದು, ಅದನ್ನೇ ಸ್ಕ್ರಿಪ್ಟಿಗೆ ಇಳಿಸಿ. ಸಿಗದಿದ್ದರೆ ಪಾತ್ರವನ್ನೇ ನಟನ ಊರಿಗೆ ವರ್ಗಾಯಿಸಿ. ಕಥೆ ಏನೂ ಮುಳುಗುವುದಿಲ್ಲ.

ಇನ್ನು ‘ಮಾಲ್ಗುಡಿ ಡೇಸ್’ ನಮ್ಮದಾ ಎಂದೂ ಕೇಳುತ್ತಾರೆ. ತಮಿಳು ಮನೆಮಾತಿನ ಆರ್. ಕೆ. ನಾರಾಯಣ್ ಮೈಸೂರಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆದದ್ದು. ಕೊಂಕಣಿ ಮನೆಯ ಶಂಕರ್‌ನಾಗ್ ಆಗುಂಬೆಯಲ್ಲಿ ಕನ್ನಡದ ಕಲಾವಿದರನ್ನಿಟ್ಟುಕೊಂಡು ಹಿಂದಿಯಲ್ಲಿ ತೆಗೆದದ್ದು. ನನ್ನ ಮಟ್ಟಿಗೆ ನಮ್ಮದೇ. ಆ ಹಿಂದಿಯ ಹಿಂದೆ ನಮ್ಮ ಜಗಲಿಯ ನಡೆನುಡಿಯಿದೆ.

ನಾಲ್ಕನೆಯ ಪ್ರಶ್ನೆ, ದನಿ ಯಾರದು ಅನ್ನುವುದು, ಪತ್ತೆ ಮಾಡಲು ಸುಲಭ, ಆದರೆ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ‘ಪ, ಬ, ಮ’ಗಳಿಗೆ ತುಟಿ ಮುಚ್ಚದಿದ್ದರೆ ಬೇರೆಯವರ ಕಂಠ ಎಂದು ತೀರ್ಮಾನಿಸುತ್ತಾರೆ. ಸೆಟ್ಟಿನ ಶಬ್ದವನ್ನು ಹಾಗೇ ಉಳಿಸಿಕೊಳ್ಳದ ಸಿನಿಮಾಗಳಲ್ಲಿ ನಟರು ತಮ್ಮ ಮಾತಿಗೇ ಸ್ಟುಡಿಯೋದಲ್ಲಿ ಮತ್ತೆ ದನಿ ಕೊಡುತ್ತಾರೆ. ಆಗಲೂ ತುಟಿ ತಪ್ಪಬಹುದು. ಇಯರ್‌ಫೋನ್ ಹಾಕಿಕೊಂಡು, ಅದೇ ನಟರ ಸಂದರ್ಶನದ ಎರಡು ನಿಮಿಷ ಕೇಳಿ. ‘ಳ’ಕಾರ–‘ಲ’ಕಾರ, ‘ಣ’ಕಾರ–‘ನ’ಕಾರ ಅಲ್ಲಿ ಹೇಗೆ ಬರುತ್ತವೆ, ಸಿನಿಮಾದಲ್ಲಿ ಹೇಗೆ ಬಂದಿವೆ, ತಾಳೆ ಹಾಕಿ. ಸಂದರ್ಶನದಲ್ಲಿ ‘ಮಲೆ ಬರ್ತಿದೆ’, ಸಿನಿಮಾದಲ್ಲಿ ‘ಮಳೆ ಬರ್ತಿದೆ’ ಆಗಿದ್ದರೆ ಟೈಟಲ್ ಕಾರ್ಡಿನಲ್ಲಿ ‘ಕಂಠದಾನ’ ಎಂಬ ಸಾಲು ಹುಡುಕಿ.