ಕಟ್ಟೆಯ ಮೇಲೆ ಕೂತವರ ಪೀರಿಯಡ್

ಫೆಬ್ರವರಿ ಬಂತೆಂದರೆ ನನ್ನ ಪೀರಿಯಡ್‌ಗಳಿಗೆ ಗಿರಾಕಿ ಜಾಸ್ತಿ. ಗಣಿತದವರಿಗೆ ಒಂದು ಬೇಕು, ವಿಜ್ಞಾನದವರಿಗೆ ಎರಡು ಬೇಕು, ಇಂಗ್ಲಿಷಿನವರು ಕೇಳುವ ಗೋಜಿಗೇ ಹೋಗುವುದಿಲ್ಲ, ಸೀದಾ ತರಗತಿಗೆ ಹೋಗಿ ಪಾಠ ಶುರು ಮಾಡಿರುತ್ತಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ, ನನಗಲ್ಲ. 625 ಅಂಕಗಳ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣದ ಪಾಲು ಸೊನ್ನೆ. ಹೀಗಾಗಿ ನನ್ನ ನಲವತ್ತು ನಿಮಿಷ ಊರ ಗೋಮಾಳವಿದ್ದ ಹಾಗೆ, ಯಾರು ಬೇಕಾದರೂ ಬೇಲಿ ಹಾಕಿಕೊಳ್ಳಬಹುದು.

ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ, ಅವರ ಅಜ್ಜಂದಿರ ಬಾಯಲ್ಲಿ ಡ್ರಿಲ್ ಟೀಚರ್. ಪೀರಿಯಡ್ ಕಿತ್ತುಕೊಳ್ಳುವವರ ಬಗ್ಗೆ ನಮ್ಮ ಸಂಘದ ಸಭೆಗಳಲ್ಲಿ ಬೇಕಾದಷ್ಟು ಭಾಷಣ ಆಗಿದೆ. ಕಿತ್ತುಕೊಂಡು ಉಳಿದ ಪೀರಿಯಡ್‌ಗಳಲ್ಲಿ ನಾವು ಮಾಡುವುದೇನು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದನ್ನು ಇಲ್ಲಿ ಎತ್ತುತ್ತೇನೆ. ನಮ್ಮವರಿಗೆ ಸಿಟ್ಟು ಬಂದರೆ ಬರಲಿ.

ಶಾಲೆ ಶುರುವಾಗಿ ಪುಸ್ತಕ ಹಂಚುವಷ್ಟರಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬರುತ್ತದೆ. ಹೋಬಳಿ ಆದ ಮೇಲೆ ತಾಲ್ಲೂಕು, ತಾಲ್ಲೂಕು ಆದ ಮೇಲೆ ಜಿಲ್ಲೆ. ಮುಖ್ಯ ಶಿಕ್ಷಕರಿಂದ ಹಿಡಿದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಈ ಸಲ ಎಷ್ಟು ಕಪ್? ಅಲ್ಲಿಗೆ ನನ್ನಂಥವರ ವರ್ಷದ ಕೆಲಸ ತೀರ್ಮಾನವಾಯಿತು. ಹುಟ್ಟಿನಿಂದಲೇ ಚುರುಕಾಗಿರುವ ಇಪ್ಪತ್ತು ಮಕ್ಕಳನ್ನು ಆರಿಸಿಕೊಂಡು ಇನ್ನಷ್ಟು ಚುರುಕು ಮಾಡುವುದು. ಉಳಿದವರು ಚಪ್ಪಾಳೆ ತಟ್ಟುವುದು.

ಒಂದು ಲೆಕ್ಕ ನೋಡಿ. ತರಗತಿಯಲ್ಲಿ ನಲವತ್ತೆಂಟು ಮಕ್ಕಳು, ಒಂದು ವಾಲಿಬಾಲ್, ಒಂದು ನೆಟ್. ಆಚೆ ಆರು, ಈಚೆ ಆರು. ಉಳಿದ ಮೂವತ್ತಾರು ಮಂದಿ ಹೊಂಗೆ ಮರದ ಕಟ್ಟೆಯ ಮೇಲೆ. ಅಂಕಣದ ಒಳಗಿರುವ ಹನ್ನೆರಡು ಮಂದಿಯಲ್ಲೂ ಚೆಂಡು ಮುಟ್ಟುವವರು ನಾಲ್ಕೈದು ಮಂದಿ, ಉಳಿದವರು ಚೆಂಡು ತಮ್ಮ ಕಡೆ ಬಾರದಿರಲಿ ಎಂದು ಹರಕೆ ಹೊತ್ತವರಂತೆ ನಿಂತಿರುತ್ತಾರೆ. ವೇಳಾಪಟ್ಟಿಯಲ್ಲಿ ಅದಕ್ಕೆ ದೈಹಿಕ ಶಿಕ್ಷಣ ಎಂದು ಬರೆದಿರುತ್ತದೆ.

ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬಳು ಒಂಬತ್ತನೇ ತರಗತಿಯ ಹುಡುಗಿ. ಆಡುವವರೆಲ್ಲ ವಾಚು, ಕ್ಲಿಪ್ಪು, ಬಳೆ, ದುಪಟ್ಟಾ ಬಿಚ್ಚಿ ಅವಳ ಮಡಿಲಿಗೆ ಹಾಕಿ ಓಡುತ್ತಿದ್ದರು. ಅವಳು ವಾಚುಗಳನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಕಟ್ಟಿಕೊಳ್ಳುತ್ತಿದ್ದಳು, ಕಳೆದುಹೋಗಬಾರದೆಂದು. ದುಪಟ್ಟಾಗಳನ್ನು ನಾಲ್ಕಾಗಿ ಮಡಚಿ ಯಾರ ಮೇಲೆ ಯಾರದು ಎಂದು ನೆನಪಿಟ್ಟುಕೊಳ್ಳುತ್ತಿದ್ದಳು. ಒಂದು ದಿನವೂ ಒಂದು ಕ್ಲಿಪ್ಪು ಅದಲುಬದಲಾಗಲಿಲ್ಲ. ನೀನೇಕೆ ಆಡುವುದಿಲ್ಲ ಎಂದರೆ, ‘ನಾನು ಕಾಯಬೇಕಲ್ಲ ಮೇಡಂ’ ಎನ್ನುತ್ತಿದ್ದಳು. ಎಂಥ ಗಟ್ಟಿ ಕಾರಣ ನೋಡಿ!

ಕೂರುವವರಿಗೆ ಹೀಗೆ ಒಂದೊಂದು ಕಾರಣ ಇರುತ್ತದೆ, ಮತ್ತು ಅದು ಹೆಚ್ಚಾಗಿ ಸೋಮಾರಿತನ ಆಗಿರುವುದಿಲ್ಲ. ಮುಟ್ಟಿನ ದಿನ ಬಟ್ಟೆಗೆ ಕಲೆಯಾದರೆ ಎಂಬ ಭಯ. ಒಳ ಉಡುಪು ಸರಿಯಿಲ್ಲದವಳು ಓಡಲು ನಾಚುತ್ತಾಳೆ. ಇದನ್ನು ಗಂಡು ಮೇಷ್ಟ್ರ ಮುಂದೆ ಯಾವ ಹುಡುಗಿಯೂ ಹೇಳಲಾರಳು, ಹೊಟ್ಟೆನೋವು ಎಂದು ಹೇಳಿ ಕೂರುತ್ತಾಳೆ. ಸರ್ಕಾರ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ ಕೊಡುತ್ತದೆ, ಬೆಳೆಯುವ ಕಾಲಿಗೆ ಅದು ವರ್ಷಪೂರ್ತಿ ಹಿಡಿಸುವುದಿಲ್ಲ, ಬೆರಳು ಒತ್ತುತ್ತಿದ್ದರೆ ಯಾರು ಓಡುತ್ತಾರೆ? ದಪ್ಪ ಇರುವ ಹುಡುಗನದು ಬೇರೆಯದೇ ಕಥೆ. ಅವನು ಓಡಿದರೆ ಉಳಿದವರು ನಗುತ್ತಾರೆ. ಆದ್ದರಿಂದ ಅವನೇ ಮುಂದಾಗಿ ಬಂದು ಸ್ಕೋರ್ ಬರೆಯುತ್ತೇನೆ ಎನ್ನುತ್ತಾನೆ. ಅಕ್ಷರ ಚೆನ್ನಾಗಿದೆ ಎಂದು ನಾವೂ ಒಪ್ಪುತ್ತೇವೆ. ಎಂಟನೇ ತರಗತಿಯಲ್ಲಿ ಪುಸ್ತಕ ಹಿಡಿದವನು ಹತ್ತು ಮುಗಿಸಿ ಟಿ.ಸಿ. ತೆಗೆದುಕೊಂಡು ಹೋಗುವವರೆಗೂ ಕಾಯಂ ಸ್ಕೋರರ್. ಅವನಿಗಿಂತ ಹೆಚ್ಚು ಓಡಬೇಕಾದ ಮಗು ಇಡೀ ಶಾಲೆಯಲ್ಲಿ ಇಲ್ಲ!

ಹಳ್ಳಿ ಮಕ್ಕಳಿಗೆ ವ್ಯಾಯಾಮ ಯಾಕೆ, ಅವರು ಹುಟ್ಟಾ ಗಟ್ಟಿ ಎಂದು ಬೆಂಗಳೂರಿನ ನನ್ನ ನೆಂಟರು ಹೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಅವರು ಊರು ಬಿಟ್ಟ ಕಾಲದ ಹಳ್ಳಿ. ಆಗ ಮರಕೋತಿ, ಲಗೋರಿ, ಚಿನ್ನಿದಾಂಡು ಎಂದು ಕತ್ತಲಾಗುವವರೆಗೂ ಆಡುವವರಿದ್ದರು, ಶಾಲೆಗೆ ನಡೆದೇ ಬರಬೇಕಿತ್ತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನನ್ನನ್ನು ಕೇಳಿದರೆ ಈ ರಾಜ್ಯದಲ್ಲಿ ನಡೆದ ಅತಿ ದೊಡ್ಡ ದೈಹಿಕ ಶಿಕ್ಷಣ ಕಾರ್ಯಕ್ರಮ ಅದೇ, ಅದರ ಹೆಸರಿನಲ್ಲಿ ಆ ಪದ ಇಲ್ಲದಿದ್ದರೂ. ಹುಡುಗಿಯರು ನಾಲ್ಕೈದು ಕಿಲೋಮೀಟರ್ ತುಳಿದುಕೊಂಡು ಬಂದು, ಸಂಜೆ ಎದುರುಗಾಳಿಯಲ್ಲಿ ತುಳಿದುಕೊಂಡೇ ಹೋಗುತ್ತಿದ್ದರು. ಸೀಟು ಗಟ್ಟಿ, ಬ್ರೇಕು ಸಡಿಲ ಎಂಬ ದೂರುಗಳಿದ್ದವು, ಇರಲಿ. ಕೋವಿಡ್ ಬಂತು, ಸೈಕಲ್ ನಿಂತಿತು. ಈಗ ಬೆಳಿಗ್ಗೆ ಗೇಟಿನ ಮುಂದೆ ಅಪ್ಪಂದಿರ ಬೈಕು, ಆಟೊ, ಬಸ್ಸು. ಬಾಗಿಲಲ್ಲಿ ಹತ್ತಿ ಬಾಗಿಲಲ್ಲಿ ಇಳಿಯುವ ಮಕ್ಕಳು ಸಂಜೆ ಟ್ಯೂಷನ್, ಆಮೇಲೆ ಮೊಬೈಲ್. ಕುರಿ ಮೇಯಿಸುವ ಮನೆಯ ಮಕ್ಕಳು ಇನ್ನೂ ಬೆಟ್ಟ ಹತ್ತುತ್ತಾರೆ. ಮೈದಾನದಲ್ಲಿ ಅವರನ್ನು ಗುರುತು ಹಿಡಿಯಲು ಹೆಸರು ಕೇಳಬೇಕಾಗಿಲ್ಲ.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಅರವತ್ತು ನಿಮಿಷ ಉಸಿರು ಜೋರಾಗುವಂತೆ ಮೈ ಆಡಿಸಬೇಕು, ವಾರದಲ್ಲಿ ಮೂರು ದಿನವಾದರೂ ಮೂಳೆ ಮತ್ತು ಸ್ನಾಯು ಗಟ್ಟಿಯಾಗುವಂಥದ್ದನ್ನು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನನ್ನ ನಲವತ್ತು ನಿಮಿಷದಲ್ಲಿ ಸಾಲು ನಿಲ್ಲಿಸಿ, ಹಾಜರಿ ಹಿಡಿದು, ಕೊನೆಗೆ ನೀರು ಕುಡಿಯಲು ಬಿಟ್ಟರೆ ಉಳಿಯುವುದು ಇಪ್ಪತ್ತೈದು. ಅದೂ ದಿನಾ ಇಲ್ಲ. ಆದ್ದರಿಂದ ಶಾಲೆಯ ಪೀರಿಯಡ್ ಮಗುವನ್ನು ಗಟ್ಟಿ ಮಾಡಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಓಡುವುದು, ನೆಗೆಯುವುದು ತನಗೂ ಆಗುತ್ತದೆ ಎಂದು ಮಗುವಿಗೆ ಅನ್ನಿಸಿದರೆ ಉಳಿದ ನಿಮಿಷಗಳನ್ನು ಅದು ಮನೆಯ ಅಂಗಳದಲ್ಲಿ ತಾನೇ ಹುಡುಕಿಕೊಳ್ಳುತ್ತದೆ. ನನ್ನ ವ್ಯಾಪ್ತಿ ಇರುವುದು ಅಷ್ಟರಲ್ಲಿ.

ಸ್ಕಿಪ್ಪಿಂಗ್ ಆಡಿಸಲು ನಾನು ಹಗ್ಗ ತಂದೆ. ನಮ್ಮದು ತೆಂಗಿನ ಸೀಮೆ, ನಾರಿನ ಹಗ್ಗಕ್ಕೆ ಬರವಿಲ್ಲ. ಆದರೆ ಅದು ಹಗುರ, ಗಾಳಿಯಲ್ಲಿ ಸರಿಯಾಗಿ ತಿರುಗುವುದಿಲ್ಲ, ಅಂಗೈಯನ್ನೂ ತರಚುತ್ತದೆ. ಹಾಗಾಗಿ ಸಂತೆಯಲ್ಲಿ ದನ ಕಟ್ಟಲು ಮಾರುವ ನೈಲಾನ್ ಹಗ್ಗದ ಸುರುಳಿ ಕೊಂಡು, ಒಬ್ಬೊಬ್ಬರ ಎತ್ತರಕ್ಕೂ ಕತ್ತರಿಸಿದೆ. ಹಗ್ಗದ ನಡುವನ್ನು ಕಾಲಲ್ಲಿ ಮೆಟ್ಟಿ ಎರಡು ತುದಿಗಳನ್ನು ಮೇಲಕ್ಕೆ ಎಳೆದರೆ ಕಂಕುಳವರೆಗೆ ಬರಬೇಕು, ಅದೇ ಅಳತೆ. ತುದಿ ಬಿಚ್ಚಿಕೊಳ್ಳದಂತೆ ಮೇಣದ ಬತ್ತಿಯಲ್ಲಿ ಸುಟ್ಟು, ಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಿಂದ ಒತ್ತಿ ಗಂಟು ಹಾಕಿದೆವು. ನಲವತ್ತೆಂಟು ಹಗ್ಗ, ನಲವತ್ತೆಂಟು ಮಕ್ಕಳು. ಕಾಯಬೇಕಾದ ಸರದಿಯೇ ಇಲ್ಲ. ನೆಗೆತ ಮೂಳೆಗೂ ಒಳ್ಳೆಯದು. ಎಲ್ಲರೂ ತಮ್ಮ ಕಾಲು ನೋಡಿಕೊಳ್ಳುವುದರಲ್ಲೇ ಮುಳುಗಿರುವುದರಿಂದ ಪಕ್ಕದವರನ್ನು ನೋಡಿ ನಗಲು ಪುರುಸೊತ್ತು ಇರುವುದಿಲ್ಲ. ನನಗೆ ಮುಖ್ಯವಾಗಿ ಬೇಕಿದ್ದದ್ದು ಇದು. ವಾಚು ಕಾಯುವವಳಿಗೂ ಒಂದು ಹಗ್ಗ ಕೊಟ್ಟು, ಎಲ್ಲರ ವಾಚುಗಳನ್ನು ನನ್ನ ಕೈಗೆ ಕಟ್ಟಿಕೊಂಡೆ. ಮೊದಲು ಅವಳು ಹಗ್ಗವನ್ನು ಮುಂದೆ ತಂದು ನೆಲಕ್ಕೆ ಇಟ್ಟು, ಆಮೇಲೆ ದಾಟುತ್ತಿದ್ದಳು, ಮೋರಿ ದಾಟುವವರ ಗಾಂಭೀರ್ಯದಿಂದ. ದೀಪಾವಳಿ ರಜೆ ಮುಗಿಸಿ ಬಂದಾಗ ಹಗ್ಗ ನೆಲಕ್ಕೆ ತಾಗುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ಮನೆಯಲ್ಲಿ ಅಭ್ಯಾಸ ಮಾಡಿದೆಯಾ ಎಂದರೆ ಇಲ್ಲ ಎಂದಳು. ಸುಳ್ಳು.

ಖೊ ಖೊ ಬಗ್ಗೆ ನನಗೆ ಪಕ್ಷಪಾತವಿದೆ, ಒಪ್ಪುತ್ತೇನೆ. ಅದಕ್ಕೆ ಚೆಂಡು ಬೇಡ, ನೆಟ್ ಬೇಡ, ಎರಡು ಕಂಬ ಮತ್ತು ಸುಣ್ಣದ ಪುಡಿ ಸಾಕು. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ ಎಳೆಯುವಾಗ ಮೂಲೆ ನೇರ ಬರಬೇಕಾದರೆ ನಾವು ಹುರಿಗೆ ಮೂರು, ನಾಲ್ಕು, ಐದು ಮೀಟರಿಗೆ ಗಂಟು ಹಾಕಿ ಮೊಳೆ ಹೊಡೆದು ಬಿಗಿಯುತ್ತೇವೆ. ಒಂದು ವರ್ಷ ಹತ್ತನೇ ತರಗತಿಯ ಹುಡುಗರಿಂದಲೇ ಇದನ್ನು ಮಾಡಿಸುತ್ತಿದ್ದಾಗ ಪೀರಿಯಡ್ ಕೇಳಲು ಬಂದ ಗಣಿತದ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಪೈಥಾಗೊರಸ್ ಪ್ರಮೇಯವನ್ನು ಅವರು ಅದೇ ವಾರ ಬೋರ್ಡಿನ ಮೇಲೆ ಬರೆದಿದ್ದರಂತೆ. ಹುರಿಯ ಒಂದು ತುದಿ ಹಿಡಿದು ಮಂಡಿಯೂರಿ ಕೂತು, ಪ್ಯಾಂಟಿಗೆ ಸುಣ್ಣ ಮೆತ್ತಿಕೊಂಡು ಹೋದರು. ಪೀರಿಯಡ್ ಕೇಳುವುದನ್ನೇನೂ ಬಿಟ್ಟಿಲ್ಲ, ಆ ಮಾತು ಬೇರೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆದಾಗ ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನನ್ನ ಮೊಬೈಲಿನಲ್ಲಿ ಆ ಓಟವನ್ನು ತೋರಿಸಿದ ಮೇಲೆ ನಮ್ಮ ಹುಡುಗಿಯರು ದುಪಟ್ಟಾವನ್ನು ಅಡ್ಡಡ್ಡ ಬಿಗಿದು ಸೊಂಟಕ್ಕೆ ಕಟ್ಟುವ ರೀತಿಯೇ ಬದಲಾಯಿತು. ಚೈತ್ರಾ ಅವರ ಹಾಗೆ ಆಗುವವಳು ನಮ್ಮ ಶಾಲೆಯಲ್ಲಿ ಬಹುಶಃ ಯಾರೂ ಇಲ್ಲ. ಆಡಲು ಅದು ಅಡ್ಡಿಯಲ್ಲ ಎಂಬುದನ್ನು ಅವರಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

600 ಮೀಟರ್ ಓಟದ ಬಗ್ಗೆ ತಂದೆತಾಯಂದಿರಿಗೆ ಒಂದು ಮಾತು. ಮಕ್ಕಳ ಮೈಕಸುವು ಅಳೆಯುವ ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಪರೀಕ್ಷೆಯಲ್ಲಿ ಇದೂ ಒಂದು. ಓಡಬಹುದು, ಸುಸ್ತಾದರೆ ನಡೆಯಬಹುದು. ಗೆಲ್ಲುವವರನ್ನು ನಾನು ಅಲ್ಲಿ ನೋಡುವುದೇ ಇಲ್ಲ. ಅರ್ಧಕ್ಕೆ ನಿಂತು ಮಂಡಿ ಹಿಡಿದುಕೊಳ್ಳುವವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇನೆ, ಬಿಳಚಿಕೊಂಡಿದ್ದರೆ ರಕ್ತ ಕಡಿಮೆಯಿರಬಹುದೆಂದು, ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತೇನೆ. ಕೆಲವರು ಶಾಲೆಯ ಹಾಲನ್ನೇ ತಿಂಡಿ ಎಂದುಕೊಂಡಿರುತ್ತಾರೆ. ಪುಣ್ಯಕ್ಕೆ ಈಗ ಅದರ ಜೊತೆ ರಾಗಿ ಮಾಲ್ಟ್, ಊಟದ ಹೊತ್ತಿಗೆ ಮೊಟ್ಟೆ ಇದೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಹುಡುಗಿಯರು ಕಿಟಕಿಯಿಂದ ಆಚೆ ಎಸೆಯುವುದುಂಟು, ಹೊಟ್ಟೆ ತೊಳಸುತ್ತದೆ ಎಂದು. ಊಟವಾದ ಮೇಲೆ ನುಂಗಿದರೆ ಅಷ್ಟಾಗಿ ತೊಳಸುವುದಿಲ್ಲ. ಅದರ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಿಮೋಗ್ಲೋಬಿನ್ ಹನ್ನೆರಡಕ್ಕಿಂತ ಕಡಿಮೆ ಇರುವ ಹುಡುಗಿಗೆ ಓಡು ಓಡು ಎಂದು ಸೀಟಿ ಊದಿ ಏನು ಪ್ರಯೋಜನ? ಮೊದಲು ಆಸ್ಪತ್ರೆ, ಆಮೇಲೆ ಮೈದಾನ.

ಇನ್ನೊಂದು ಜಗಳ ನನ್ನದು ಸಹೋದ್ಯೋಗಿಗಳ ಜೊತೆ. ಹೋಂವರ್ಕ್ ಮಾಡದವನಿಗೆ ಮೈದಾನಕ್ಕೆ ಮೂರು ಸುತ್ತು, ತಡವಾಗಿ ಬಂದವನಿಗೆ ಇಪ್ಪತ್ತು ಬಸ್ಕಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎಂದರೆ, ನೀವು ಮಾಡಿಸುವುದೂ ಅದನ್ನೇ ಅಲ್ಲವೇ ಎಂದು ನನಗೇ ತಿರುಗಿಸುತ್ತಾರೆ. ತೊಡೆಗೆ ಬಸ್ಕಿಯಂಥ ವ್ಯಾಯಾಮ ಇನ್ನೊಂದಿಲ್ಲ, ಒಂದು ರೂಪಾಯಿ ಖರ್ಚಿಲ್ಲ, ಒಂದು ಮೊಳ ಜಾಗ ಸಾಕು. ಆದರೆ ನನ್ನ ತರಗತಿಯಲ್ಲಿ ಬಸ್ಕಿ ಎಂದೊಡನೆ ಮಕ್ಕಳು ‘ನಾವೇನು ತಪ್ಪು ಮಾಡಿದೆವು ಮೇಡಂ’ ಎಂದು ಕೇಳುತ್ತಾರೆ.

ಹಗ್ಗದ ವಿಷಯ ಊರಲ್ಲಿ ಹಬ್ಬಿ, ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು, ಇದರಿಂದ ಸರ್ಟಿಫಿಕೇಟ್ ಬರುತ್ತದೆಯೇ ಎಂದು. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಇದೆ, ಆದರೆ ಅದು ನಿಮ್ಮ ಮಗಳು ಮಾಡುತ್ತಿರುವುದಕ್ಕೆ ಸಿಗುವುದಿಲ್ಲ ಎಂದೆ. ಹಾಗಾದರೆ ಆ ಸಮಯದಲ್ಲಿ ಓದಿಸಬಹುದಲ್ಲ ಎಂದರು. ನಲವತ್ತೈದರ ಆಸುಪಾಸಿನವರು, ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ ಕಾಣುತ್ತಿತ್ತು. ಡಾಕ್ಟರು ದಿನಾ ನಡೆಯಲು ಹೇಳಿರಬೇಕಲ್ಲ ಎಂದು ಕೇಳಿದೆ. ಹೇಳಿದ್ದಾರೆ, ಎರಡು ದಿನ ಹೋಗುತ್ತೇನೆ, ಮೂರನೇ ದಿನ ಆಗುವುದಿಲ್ಲ, ಅಭ್ಯಾಸವೇ ಇಲ್ಲ ಎಂದರು. ಶಾಲೆಯಲ್ಲಿದ್ದಾಗ ಏನು ಆಡುತ್ತಿದ್ದಿರಿ ಎಂದು ಕೇಳಿದೆ.

‘ಆಡುತ್ತಿರಲಿಲ್ಲ ಮೇಡಂ, ಸ್ಕೋರ್ ಬರೆಯುತ್ತಿದ್ದೆ’ ಎಂದರು.