ಶೇಂಗಾ ಮೇಷ್ಟ್ರು

ನಮಗೆ ಬೇಸಾಯಶಾಸ್ತ್ರ ಕಲಿಸಿದ ಗುರುಗಳು ಲಿಂಗೈಕ್ಯರಾದಾಗ ಚಳ್ಳಕೆರೆ ಸೀಮೆಯ ಹಳ್ಳಿ ಹಳ್ಳಿಗಳಿಂದ ರೈತರು ಬಂದು ಅವರ ಮನೆಯ ಮುಂದೆ ನೆರೆದಿದ್ದರು. ಕೃಷಿ ವಿಜ್ಞಾನಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಗೌರವ ಇರಲಾರದು. ಆ ರೈತರ ಬಾಯಲ್ಲಿ ಅವರು ‘ಶೇಂಗಾ ಮೇಷ್ಟ್ರು’. ನಾನೂ ಹಾಗೆಯೇ ಕರೆಯುತ್ತೇನೆ.

ಚಳ್ಳಕೆರೆಯು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿ ಶೇಂಗಾ ನಂಬಿದವರಿಗೆ ಗಿಡ ಹಸಿರಾಗಿದ್ದೂ ಕಾಯಿ ಜೊಳ್ಳಾಗುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಒಮ್ಮೆ ಹೊಲದಲ್ಲಿ ಮೇಷ್ಟ್ರು ಗಿಡವೊಂದನ್ನು ಕಿತ್ತು, ಮಣ್ಣು ಕೊಡವಿ, ಹೂವಿನ ಬುಡದಿಂದ ಸೂಜಿಯಂತೆ ಕೆಳಗಿಳಿದಿದ್ದ ಎಳೆಯನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. “ಯಜಮಾನ್ರೆ, ಇದರ ತುದಿಯಲ್ಲೇ ಕಾಯಿ ಕಟ್ಟೋದು. ಕಾಯಿಗೆ ಬೇಕಾದ ಸುಣ್ಣದಂಶ ಬೇರಿನಿಂದ ಬರೋದು ಸಾಲದು, ಕಾಯೇ ಮಣ್ಣಿಂದ ಎಳ್ಕೋಬೇಕು,” ಎಂದರು. ಹೂವಾಡುವ ಹೊತ್ತಿಗೆ ಸುಣ್ಣದಂಶವಿರುವ ಜಿಪ್ಸಂ ಅನ್ನು ಎಕರೆಗೆ 200 ಕೆ.ಜಿ. ಕೊಟ್ಟು ಮಣ್ಣೇರಿಸಬೇಕೆಂದೂ, 45 ದಿನ ದಾಟಿದ ಪೈರಿನಲ್ಲಿ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಆಡಿಸಿದರೆ ಈ ಎಳೆಗಳು ಹರಿದು ಫಸಲು ಕೈತಪ್ಪುತ್ತದೆಂದೂ ಅವರು ಹೇಳಿದ್ದು, ತರಗತಿಯ ಎಷ್ಟೋ ಪಾಠ ಮರೆತಿರುವ ನನಗೆ ಇಂದಿಗೂ ನೆನಪಿದೆ.

ಇಷ್ಟಲಿಂಗ ಪೂಜೆ ಮುಗಿಯದೆ ಅವರು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಫಾಲ್ಗುಣದಲ್ಲಿ ನಾಯಕನಹಟ್ಟಿ ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದೊಯ್ದು, ಕೊಬ್ಬರಿ ಸುಟ್ಟು ಹರಕೆ ತೀರಿಸಿದ ಮೇಲೆ, ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಜನ ನಂಬುವ ಕೆರೆಗಳ ಏರಿಯ ಮೇಲೆ ಮಕ್ಕಳನ್ನು ನಡೆಸುತ್ತಿದ್ದರು. “ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ” ಎಂಬ ಸ್ವಾಮಿಗಳ ಮಾತು ಅವರಿಗೆ ಬರೀ ಜಾತ್ರೆಯ ಘೋಷವಾಗಿರಲಿಲ್ಲ. ಬರಗಾಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವರ ಭಕ್ತನಾಗಿ ನೀರು ಪೋಲು ಮಾಡಬಾರದೆಂಬ ವ್ರತವೂ ಆಗಿತ್ತು.

ಬಿತ್ತನೆಗೆ ಮುಂಚಿನ ದಿನಗಳಲ್ಲಿ ಅವರ ಮನೆಯ ಹಜಾರ ನೋಡಬೇಕಿತ್ತು. ರೈತರು ತಂದುಕೊಟ್ಟ ಬೀಜವನ್ನು ನೆನೆಸಿದ ಗೋಣಿಚೀಲದ ಮೇಲೆ ಹತ್ತತ್ತರ ಸಾಲಿನಲ್ಲಿ ನೂರು ಜೋಡಿಸಿ, ಚೀಲವನ್ನು ಸುರುಳಿ ಸುತ್ತಿಡುವುದು ಹೆಣ್ಣುಮಕ್ಕಳ ಕೆಲಸ. ವಾರ ಕಳೆದ ಮೇಲೆ ಬಿಚ್ಚಿ, ಮೊಳೆತದ್ದನ್ನು ಎಣಿಸಿ, ದೇವರಕೋಣೆಯ ಪಕ್ಕದ ಕ್ಯಾಲೆಂಡರಿನಲ್ಲಿ ರೈತರ ಹೆಸರಿನ ಮುಂದೆ ಬರೆಯುತ್ತಿದ್ದರು. ನೂರಕ್ಕೆ 70 ಮೊಳೆಯದಿದ್ದರೆ “ಈ ಬೀಜ ಬೇಡ” ಎಂದು ಹೇಳಿಕಳಿಸುವ ಹೊಣೆ ಮೇಷ್ಟ್ರ ಪತ್ನಿ ಅಮ್ಮನವರದು. ಹೋಗಿದ್ದಾಗಲೆಲ್ಲ ಅವರು ನಮಗೂ ರೊಟ್ಟಿ, ಶೇಂಗಾ ಚಟ್ನಿ ಬಡಿಸದೆ ಕಳಿಸುತ್ತಿರಲಿಲ್ಲ.

ಮೇಷ್ಟ್ರು ಬರೆದಿಟ್ಟ ಮಳೆ ಪುಸ್ತಕಗಳು ಅವರ ಹಿರಿಯ ಮಗಳ ಬಳಿ ಜೋಪಾನವಾಗಿವೆ. ಪ್ರತಿ ಪುಟದಲ್ಲೂ ಒಂದೆಡೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಹೆಸರು, ಇನ್ನೊಂದೆಡೆ ಮಿಲಿಮೀಟರಿನ ಲೆಕ್ಕ. ಕಾಲೇಜಿನ ಗ್ರಂಥಾಲಯಕ್ಕೆ ಅವುಗಳನ್ನು ಕೊಡಲು ಆಕೆ ಒಪ್ಪಿದ್ದಾರೆ. ಈಗ ಓದುತ್ತಿರುವ ವಿದ್ಯಾರ್ಥಿಗಳು ಅವುಗಳನ್ನು ಗಣಕಕ್ಕೆ ಏರಿಸಿಕೊಡುವುದಾದರೆ ಬಿಡುವಿನ ದಿನಗಳಲ್ಲಿ ನಾನೂ ಬಂದು ಜೊತೆಗೆ ಕೂರುತ್ತೇನೆ.